ಅನುವಾದಕಿ ಬಿಟ್ಟ ಎರಡು ಸಾಲು

ಸೋಮವಾರ ಬೆಳಗ್ಗೆ 10-20ಕ್ಕೆ ವಿಮಾ ಕಂಪನಿಯ ಕ್ಲೇಮು ಅಧಿಕಾರಿ ಠಾಣೆಗೆ ಬಂದು ಇನ್‌ಸ್ಪೆಕ್ಟರರ ಮೇಜಿನ ಮೇಲೆ ಎರಡು ಹಾಳೆಗಳನ್ನಿಟ್ಟ. ಒಂದು ಪರದೇಶದ ಆಸ್ಪತ್ರೆಯ ವರದಿ, ಅಲ್ಲಿನ ಭಾಷೆಯಲ್ಲಿ. ಇನ್ನೊಂದು ಅದರ ಅನುವಾದ. ಕೆಳಗೆ ‘ಮೂಲದ ಪೂರ್ಣ ಅನುವಾದ’ ಎಂಬ ಮೊಹರು, ಸಹಿ.

“ಪೂರ್ಣ ಅಂತೆ ಪೂರ್ಣ! ಎರಡು ಸಾಲು ನುಂಗಿ ನೀರು ಕುಡಿದಿದ್ದಾರೆ, ಸಾರ್,” ಎಂದ ಅಧಿಕಾರಿ. “ನಾವು ಬೇರೆಯವರ ಹತ್ರ ಓದಿಸಿದಾಗ ಗೊತ್ತಾಯ್ತು.”

ಆ ಎರಡು ಸಾಲನ್ನು ಅವನು ಚೀಟಿಯಲ್ಲಿ ಬರೆದು ತಂದಿದ್ದ. ‘ಎದೆನೋವು ಪ್ರಯಾಣಕ್ಕೆ ಮುಂಚಿನ ಹದಿನೈದು ದಿನಗಳಿಂದ ಇತ್ತೆಂದು ರೋಗಿಯ ಹೇಳಿಕೆ. ಹೇಳಿದರೆ ಗಂಡ ಬಹುಕಾಲದಿಂದ ಆಸೆಪಟ್ಟ ಪ್ರವಾಸ ರದ್ದು ಮಾಡುತ್ತಾರೆಂದು ಅವರಿಗೆ ತಿಳಿಸಿಲ್ಲ.’

“ಮುಂಚೆನೇ ನೋವಿತ್ತು ಅಂದ್ರೆ ಕ್ಲೇಮು ಸಿಗಲ್ಲ. ಅದಕ್ಕೆ ಗಂಡನೇ ತೆಗೆಸಿದ್ದಾನೆ.”

“ಗಂಡನಿಗೆ ತಿಳಿಸಿಲ್ಲ ಅಂತಾನೂ ಇದೆಯಲ್ರೀ?”

“ಅದನ್ನ ನೀವು ಪತ್ತೆ ಮಾಡಿ, ಸಾರ್.”

11-05ಕ್ಕೆ FIR ದಾಖಲಾಯಿತು. ಸುಳ್ಳು ದಾಖಲೆ, ವಂಚನೆ. ಆರೋಪಿ, ಕನ್ನಡಕದ ಅಂಗಡಿಯ ಯಜಮಾನರು, ವಯಸ್ಸು ಅರವತ್ತೆಂಟು. ಹೆಂಡತಿಯ ಜೊತೆ ಸಮುದ್ರ ದಾಟಿ ಪ್ರವಾಸಕ್ಕೆ ಹೋಗಿ, ಆಕೆಯನ್ನು ಅಲ್ಲೇ ಕಳೆದುಕೊಂಡು ಒಬ್ಬರೇ ಬಂದವರು. ಆಸ್ಪತ್ರೆಯ ಖರ್ಚನ್ನು ಆಕೆಯ ತಮ್ಮ ಕಟ್ಟಿದ್ದ. ಅದನ್ನು ಹಿಂದಿರುಗಿಸದೆ ಮುಖ ಎತ್ತಲಾರೆನೆಂದು ಕ್ಲೇಮು ಹಾಕಿದ್ದರು.

ಮಧ್ಯಾಹ್ನ ಎರಡಕ್ಕೆ ವಿಚಾರಣೆ. ಇನ್‌ಸ್ಪೆಕ್ಟರರಿಗೆ ಒಳಗೊಳಗೇ ಹೆದರಿಕೆ. ಮುದುಕ ಕಳ್ಳನಾದರೆ ಸರಿ, ಕೈಗೆ ಕೋಳ. ಕಳ್ಳನಲ್ಲದಿದ್ದರೆ? ಆ ಸಾಲುಗಳು ಇವರಿಗೆ ಗೊತ್ತೇ ಇಲ್ಲದಿದ್ದರೆ ಹೇಳುವ ಪಾಪಿ ಯಾರು? ಚೀಟಿಯನ್ನು ಫೈಲಿನ ಕೆಳಗೆ ಸರಿಸಿದರು.

“ನಿಮ್ಮ ಮನೆಯವರಿಗೆ ಮುಂಚೆ ಏನಾದ್ರೂ ಕಾಯಿಲೆ ಇತ್ತಾ, ಯಜಮಾನ್ರೇ?”

“ಅವಳಿಗಾ? ಗುಂಡುಕಲ್ಲು ಇದ್ದಂಗಿದ್ಲು, ಸಾರ್.”

“ಹೊರಡೋ ಮುಂಚೆ ನೋವು, ಸುಸ್ತು?”

“ಇದ್ರೆ ಹೇಳ್ತಿದ್ಲು. ಒಂದು ಸೀನು ಬಂದ್ರೂ ನಂಗೆ ಹೇಳದೆ ಇರ್ತಿರಲಿಲ್ಲ ನಮ್ಮವಳು.” ಹೇಳುವಾಗ ಮುದುಕರ ಮುಖದಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ಮೂವತ್ತು ವರ್ಷ ಸುಳ್ಳುಗಾರರನ್ನೇ ಅರೆದು ಕುಡಿದ ಇನ್‌ಸ್ಪೆಕ್ಟರರಿಗೆ ಇದು ಸುಳ್ಳಲ್ಲವೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆದರೆ ನ್ಯಾಯಾಲಯ ಸಾಕ್ಷಿ ಕೇಳುತ್ತದೆ, ಮುಖ ನೋಡುವುದಿಲ್ಲ. 3-15ಕ್ಕೆ ಯಜಮಾನರನ್ನೇ ಜೀಪಿನಲ್ಲಿ ಕೂರಿಸಿಕೊಂಡು, ಅವರು ತೋರಿಸಿದ ಅನುವಾದದ ಕಚೇರಿಗೆ ಹೋದರು. ಅವರನ್ನು ಜೀಪಿನಲ್ಲೇ ಬಿಟ್ಟು, ಮುಖ್ಯಪೇದೆಯ ಜೊತೆ ಒಳಗೆ ನಡೆದರು.

ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆ, ಒಂದು ಕಂಪ್ಯೂಟರ್, ಗೋಡೆತುಂಬ ಫೈಲು. ಅನುವಾದಕಿಗೆ ಐವತ್ತು ದಾಟಿತ್ತು. ಪೊಲೀಸರನ್ನು ಕಂಡದ್ದೇ ಎದ್ದು, ಕೇಳುವ ಮೊದಲೇ ಒಂದು ಫೈಲು ತೆಗೆದುಕೊಟ್ಟರು. ಆಕೆ ಮೊದಲು ಕೈಬರಹದಲ್ಲಿ ಅನುವಾದಿಸುವುದು, ಗಿರಾಕಿಗೆ ಓದಿ ಹೇಳುವುದು, ಅವರು ಒಪ್ಪಿದ ಮೇಲೆ ಟೈಪು ಮಾಡುವುದು ಪದ್ಧತಿ. ಕೈಬರಹದಲ್ಲಿ ಆ ಎರಡು ಸಾಲೂ ಇದ್ದವು. ಮೇಲೆ ಪೆನ್ಸಿಲಿನ ಗೀಟು.

“ಹೊಡೆದುಹಾಕಿ ಅಂತ ಯಜಮಾನರು ಹೇಳಿದ್ರಾ?”

“ಅಯ್ಯೋ, ಅವರಿಗೆ ಗೊತ್ತೇ ಇಲ್ಲ, ಸಾರ್.”

“ದುಡ್ಡು ಗಿಡ್ಡು?”

“ನನ್ನ ಮಾಮೂಲಿ ಫೀಸು. ರಸೀದಿ ಇದೆ.”

“ಮತ್ತೆ ಯಾಕಮ್ಮ?”

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡರು. “ಓದೋಕೆ ಶುರು ಮಾಡಿದ್ದೆ. ಮಧ್ಯದಲ್ಲಿ ಯಜಮಾನ್ರು ನನ್ನ ಕೈ ಹಿಡ್ಕೊಂಡು, ‘ಕೊನೇಲಿ ನನ್ನ ಬಗ್ಗೆ ಏನಾದ್ರೂ ಹೇಳಿದ್ಲಾ ತಾಯಿ? ನನ್ನ ಹೊರಗೆ ಕೂರಿಸಿದ್ರು’ ಅಂತ ಕೇಳಿದ್ರು. ಮುಂದೆ ಓದಬೇಕಿದ್ದದ್ದೇ ಈ ಎರಡು ಸಾಲು. ನಾಲಿಗೆ ಹೊರಳಲಿಲ್ಲ, ಸಾರ್. ‘ಗಂಡ ಹೊರಗೆ ಕಾಯ್ತಿದ್ದಾರೆ, ಅವರು ಊಟ ಮಾಡಿದ್ರಾ ಕೇಳಿ’ ಅಂದ್ರಂತೆ ಅಂತ, ಇನ್ನೂ ಕೆಳಗಿದ್ದ ಸಾಲು ಓದಿಬಿಟ್ಟೆ. ಅದು ಸುಳ್ಳಲ್ಲ, ಇದೆ ನೋಡಿ. ಬಾಯಲ್ಲಿ ಬಿಟ್ಟಿದ್ದನ್ನ ಟೈಪಲ್ಲಿ ಹಾಕಿದ್ರೆ ಮನೆಗೆ ಹೋಗಿ ಓದ್ಕೊಳ್ತಿದ್ರು. ಕ್ಲೇಮು ಗೀಮು ನನ್ನ ತಲೇಲೇ ಇರಲಿಲ್ಲ.”

“ಮೊಹರು ಒತ್ತಿದೀರಲ್ಲಮ್ಮ.”

“ತಪ್ಪು ನಂದೇ. ಹಿಡ್ಕೊಂಡು ಹೋಗಿ. ಅವರಿಗೆ ಮಾತ್ರ ಹೇಳ್ಬೇಡಿ.”

ಇನ್‌ಸ್ಪೆಕ್ಟರರಿಗೂ ಅದೇ ಬೇಕಿತ್ತು. ಎಂದಾದರೂ ಹೇಳಲೇಬೇಕು, ಆದರೆ ಇವತ್ತು ಬೇಡ. ಮನೆಗೆ ಹೋಗಿ, ಕೂತು, ಮೆತ್ತಗೆ ಹೇಳಿದರಾಯಿತು ಎಂದುಕೊಂಡರು. ಪಂಚನಾಮೆ ಬರೆಯಲು ಮುಖ್ಯಪೇದೆಗೆ ಹೇಳಿ, ಮಹಿಳಾ ಪೇದೆಯನ್ನು ಕರೆಸಲು ಫೋನು ಹಿಡಿದು ಹಿಂಬಾಗಿಲಿಗೆ ಹೋದರು. ಮುಖ್ಯಪೇದೆ ಕರ್ತವ್ಯದಲ್ಲಿ ಎತ್ತಿದ ಕೈ. ಪಂಚನಾಮೆಯನ್ನು ಪಂಚರಿಗೆ ಓದಿ ಹೇಳಬೇಕೆಂಬುದು ನಿಯಮ; ಜೆರಾಕ್ಸ್ ಅಂಗಡಿಯವನನ್ನೂ ಪಕ್ಕದ ದರ್ಜಿಯನ್ನೂ ಎದುರಿಗೆ ನಿಲ್ಲಿಸಿಕೊಂಡು, ಹರಾಜು ಕೂಗುವವನಂತೆ, ಗೀಟು ಹೊಡೆದ ಸಾಲುಗಳನ್ನು ಒಂದಕ್ಷರ ಬಿಡದೆ ಓದಿದ.

ಇನ್‌ಸ್ಪೆಕ್ಟರರು ಓಡಿಬಂದರು. ಜೀಪಿನ ಸೆಕೆ ತಡೆಯದೆ ಇಳಿದ ಯಜಮಾನರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

“ಹದಿನೈದು ದಿನದಿಂದಾನಾ?” ಎಂದರು. “ಅಲ್ಲಿ ಗುಡ್ಡ ಹತ್ತುವಾಗ ಹಿಂದೆ ಬಿದ್ಲು, ಸಾರ್. ಬೇಗ ಬಾರೇ ಆಮೆ, ಅಂತ ರೇಗಿಸಿದೆ. ನಗ್ತಾ ಬಂದ್ಲು.”

ಇನ್‌ಸ್ಪೆಕ್ಟರರು ಅವರನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಮುಖ್ಯಪೇದೆ ಕಾಗದವನ್ನು ಬೆನ್ನ ಹಿಂದೆ ಸರಿಸಿದ. ಬೈಯಬೇಕೆಂದರೆ ಅವನದೇನು ತಪ್ಪು?

4-40ಕ್ಕೆ ಮಹಿಳಾ ಪೇದೆ ಬಂದಳು. ಅನುವಾದಕಿಯ ಬಂಧನ ದಾಖಲಾಯಿತು. ಠಾಣೆಯಲ್ಲೇ ಜಾಮೀನು ಸಿಗುವ ಕಲಮುಗಳೆಂದು ಆಕೆಗೆ ತಿಳಿಸಲಾಯಿತು. ಆಕೆ ದೀಪ ಆರಿಸಿ ಹೊರಡುವಾಗ ಯಜಮಾನರು ಎದ್ದು ನಿಂತರು.

“ತಾಯಿ, ನೀವು ಅವತ್ತು ಆ ಊಟದ ಸಾಲು ಓದಿದ್ರಲ್ಲ, ನಂಗೆ ಅಷ್ಟೇ ಸಾಕಾಗಿತ್ತು.”

ಯಜಮಾನರ ಹೆಸರನ್ನು ಆರೋಪಿಗಳ ಪಟ್ಟಿಯಿಂದ ಕೈಬಿಡಲಾಯಿತು. ಕ್ಲೇಮನ್ನು ಅವರೇ ವಾಪಸು ಪಡೆದರು. ಸಂಜೆ ಕೇಸು ಡೈರಿಯಲ್ಲಿ ಇನ್‌ಸ್ಪೆಕ್ಟರರು ಬರೆದರು: ‘ಆರೋಪಿತೆಗೆ ಲಾಭದ ಉದ್ದೇಶ ಕಂಡುಬಂದಿಲ್ಲ. ಗಿರಾಕಿಗೆ ನೋವಾಗದಿರಲೆಂದು ಕೃತ್ಯ ಎಸಗಿರುತ್ತಾರೆ. ನೋವು ತನಿಖೆಯ ವೇಳೆ ಆಗಿರುತ್ತದೆ.’