ನೀಲದ ಮೇಲಿನ ಬಿಳಿ ಚುಕ್ಕೆ

"ಈ ಗಾಯ ನನ್ನ ಕಲ್ಲಿನದಲ್ಲ" ಎನ್ನುತ್ತ ಪ್ರಯೂನ್ ತನ್ನ ಮೊಬೈಲನ್ನು ಕನ್ನಿಕಾಳ ಮೇಜಿನ ಮೇಲಿಟ್ಟ.

ಥಾಯ್ಲೆಂಡಿನ ಚಂತಬುರಿಯ ರತ್ನಬೀದಿಯಲ್ಲಿ ಅವನು ಕಲ್ಲಿಗೆ ಸಾಣೆ ಹಿಡಿಯುವವನು. ಅವಳು ಅದೇ ಕಲ್ಲುಗಳನ್ನು ನಲವತ್ತು ಪಟ್ಟು ಹಿಗ್ಗಿಸಿ ಫೋಟೋ ತೆಗೆಯುವವಳು. ಇಬ್ಬರ ನಡುವೆ ಕಲ್ಲು ಸಾಗಿಸುವವಳು ಅವನ ಅಂಗಡಿಯ ಯಜಮಾನಿ ಲಮೈ ಅಕ್ಕ. ಹೀಗಾಗಿ ಮೂರು ವರ್ಷದಿಂದ ಅವನ ಕಲ್ಲುಗಳಷ್ಟೇ ಇಲ್ಲಿಗೆ ಬಂದಿದ್ದವು, ಅವನು ಬಂದಿರಲಿಲ್ಲ.

ಆದರೂ ನೂರು ಕಲ್ಲುಗಳ ನಡುವೆ ಅವನದನ್ನು ಕನ್ನಿಕಾ ಗುರುತಿಸುತ್ತಿದ್ದಳು. ಅಂಚಿಗೆ ಅಂಚು ಕೂಡುವಲ್ಲಿ ಅವನ ಕೈ ಎಂದೂ ಅವಸರ ಮಾಡಿರಲಿಲ್ಲ.

ಈಗ ನೋಡಿದರೆ, ಮೊಬೈಲಿನಲ್ಲಿದ್ದ, ಅವಳೇ ತೆಗೆದ ಫೋಟೋದಲ್ಲಿ ನೀಲಮಣಿಯ ಅಂಚಿನುದ್ದಕ್ಕೂ ಬಿಳಿ ಕುಳಿಗಳ ಸಾಲು.

"ಫೋಟೋ ನೋಡಿ ಗಿರಾಕಿ ಬೇಡ ಅಂದ್ರು. ನಾಳೆಯಿಂದ ಸಾಣೆ ಚಕ್ರ ಇನ್ನೊಬ್ಬನಿಗಂತೆ. 'ನಿನ್ನ ಕಣ್ಣು ಮಂದ ಆಯ್ತು, ಕಲ್ಲು ವಿಂಗಡಿಸ್ಕೊಂಡು ಕೂತ್ಕೋ' ಅಂದ್ಳು ಅಕ್ಕ."

"ಕ್ಯಾಮೆರಾ ಸುಳ್ಳು ಹೇಳಲ್ಲ ಕಣ್ರೀ."

"ಕಲ್ಲೂ ಹೇಳಲ್ಲ."

ಮಡಿಸಿದ ಕಾಗದದಿಂದ ನೀಲವನ್ನು ತೆಗೆದು ಅವನು ಅವಳ ಅಂಗೈಗಿಟ್ಟ. ಬೆರಳು ತಗುಲಿತು. ಇಬ್ಬರೂ ತಗುಲಲಿಲ್ಲವೆಂಬಂತೆ ಇದ್ದರು.

ಏಪ್ರಿಲ್ ಸೆಕೆ. ಧೂಳೇಳಬಾರದೆಂದು ಫ್ಯಾನು ಆರಿಸಿದ್ದಳು. ಕನ್ನಿಕಾ ಬಟ್ಟೆಯ ತುಂಡಿನಿಂದ ಕೆನ್ನೆಯ ಬೆವರೊತ್ತಿಕೊಂಡಳು, ಅದೇ ಬಟ್ಟೆಯಿಂದ ಕಲ್ಲನ್ನು ಒರೆಸಿದಳು, ಬೆಳಕು ಹೊಂದಿಸಿ ಫೋಟೋ ತೆಗೆದಳು. ಪರದೆಯ ಮೇಲೆ ಮತ್ತೆ ಅವೇ ಕುಳಿಗಳು.

"ನೋಡಿದ್ರಾ?"

ಅವನು ಪರದೆಯನ್ನು ನೋಡಿರಲಿಲ್ಲ. ಅವಳನ್ನು ನೋಡುತ್ತಿದ್ದವನು ನಕ್ಕುಬಿಟ್ಟ.

"ನಗೋದು ಯಾಕ್ರೀ?"

"ನಿಮ್ಮ ಎಡಗೆನ್ನೆ ಮೇಲೆ ಪೌಡರ್ ಇದೆ. ಬಲಗೆನ್ನೇದು ನನ್ನ ಕಲ್ಲಿಗೆ ಬಂದಿದೆ."

ಬೇಸಿಗೆಯಲ್ಲಿ ಕೆನ್ನೆಗೆ ತಂಪು ಪೌಡರು ಬಳಿದುಕೊಳ್ಳದವರು ಆ ಬೀದಿಯಲ್ಲಿ ಯಾರಿದ್ದರು! ಬೆವರಿನೊಡನೆ ಬಟ್ಟೆಗಂಟಿ, ಬಟ್ಟೆಯಿಂದ ಕಲ್ಲಿನ ಅಂಚಿಗಂಟಿ, ಆ ಪುಡಿ ಒಬ್ಬ ಮನುಷ್ಯನ ಕಸುಬನ್ನೇ ತಿನ್ನಲು ಹೊರಟಿತ್ತು. ಕನ್ನಿಕಾಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಪ್ರಯೂನ್ ತಗ್ಗಿದ ದನಿಯಲ್ಲಿ ಹೇಳಿದ: "ಇನ್ನೊಂದು ಫೋಟೋ ತೆಗೆದು ಕಳಿಸಿ, ಸುಮ್ನಿರಿ. ನಿಜ ಹೇಳಿದ್ರೆ ನಿಮಗೆ ಯಾರೂ ಕಲ್ಲು ಕೊಡಲ್ಲ."

"ನಿಮ್ಮ ಕಣ್ಣು ಮಂದ ಅನ್ನೋ ಮಾತು?"

"ಅದು ಹೇಗೋ ಅಳಿಸಿಹೋಗುತ್ತೆ."

"ಕಲ್ಲಿನ ಮೇಲಿಂದಾದ್ರೆ ಅಳಿಸಬಹುದು. ಜನರ ಬಾಯಿಂದ ಅಳಿಸೋಕಾಗುತ್ತಾ?" ಎಂದವಳೇ ಫೋನು ಹಚ್ಚಿದಳು. "ಅಕ್ಕಾ, ತಪ್ಪು ಪ್ರಯೂನ್‌ದಲ್ಲ. ನನ್ನ ಮುಖದ ಪೌಡರ್ ಕಲ್ಲಿಗೆ ಹತ್ತಿತ್ತು. ತಪ್ಪು ನಂದೇ."

ಆಚೆಯಿಂದ ಲಮೈ ಅಕ್ಕನ ದನಿ ಕೋಣೆಯೆಲ್ಲ ಕೇಳಿಸಿತು: "ಮೂವತ್ತಾರಾಯ್ತು ನಿಂಗೆ, ಪೌಡರ್ ಹಚ್ಕೊಳ್ಳೋಕೆ ಬರಲ್ವೇನೇ? ಒಂದು ತಿಂಗಳು ನಿನ್ನ ಹತ್ರ ಕಲ್ಲು ಕಳಿಸಲ್ಲ, ಹೋಗು! ಚಕ್ರ ಅವನಿಗೇ ಇರಲಿ. ನಾಳೆ ಬೇಗ ಬಾ ಅನ್ನು ಅವನಿಗೆ."

ಫೋನು ಸುಮ್ಮನಾಯಿತು. ಪ್ರಯೂನ್ ಹೋಗಲಿಲ್ಲ.

"ಒಂದು ಮಾತು ಹೇಳ್ತೀನಿ, ಬೈಬೇಡಿ. ಆ ಫೋಟೋ ನೋಡ್ದಾಗ ಸಿಟ್ಟಿಗಿಂತ ಮೊದ್ಲು ಖುಷಿಯಾಯ್ತು. ನನ್ನ ಕಲ್ಲನ್ನ ಇಷ್ಟು ವರ್ಷ ಚೆಂದ ತೋರಿಸಿದೋರನ್ನ ನೋಡೋಕೆ ಇಲ್ಲಿಗೆ ಬರೋಕೊಂದು ನೆಪ ಸಿಕ್ತಲ್ಲ ಅಂತ."

"ಕೆಲಸ ಹೋಗ್ತಿತ್ತಲ್ರೀ ನಿಮ್ದು!"

"ಹೋಗ್ತಿತ್ತು. ಆದ್ರೂ ಅಂಗಿ ಇಸ್ತ್ರಿ ಮಾಡ್ಕೊಂಡೇ ಬಂದೆ."

ಕನ್ನಿಕಾ ಆ ಅಂಗಿಯ ಮಡಿಕೆಗಳನ್ನು ನೋಡಿದಳು. ಒಂದೂ ಸೊಟ್ಟಗಿರಲಿಲ್ಲ.

"ನಿಮ್ಮ ಕೈ ನನಗೆ ಮೂರು ವರ್ಷದಿಂದ ಗೊತ್ತು" ಎಂದಳು, ಮೆಲ್ಲಗೆ. "ಮುಖ ನೋಡೋದೊಂದು ಬಾಕಿ ಇತ್ತು."

"ನೋಡಿದ್ರಲ್ಲ. ಒಪ್ಪಿಗೆನಾ?"

"ಇಷ್ಟು ದೂರದಿಂದ ಹೇಳೋಕಾಗಲ್ಲ. ನಡೀರಿ, ಏಡಿ ನೂಡಲ್ಸ್ ತಿನ್ನೋಣ. ನನಗೆ ಹೇಗೂ ಕೆಲಸ ಇಲ್ಲ."

ಮಟಮಟ ಮಧ್ಯಾಹ್ನ ಇಬ್ಬರೂ ಹೊರಗೆ ಬಂದರು. ಬೀದಿಯ ಎರಡೂ ಬದಿಯ ಮೇಜುಗಳಲ್ಲಿ ಕೂತಿದ್ದವರು, ಕಲ್ಲಿನೊಳಗಿನ ಕೂದಲೆಳೆಯನ್ನೂ ಬಿಡದೆ ನೋಡುವ ಜನ, ಒಬ್ಬೊಬ್ಬರಾಗಿ ತಲೆಯೆತ್ತಿದರು.

ನೋಡಿಕೊಳ್ಳಲಿ ಎಂದು ಕನ್ನಿಕಾ ಅವನ ಕೈ ಹಿಡಿದುಕೊಂಡಳು.