ನಾಲ್ಕೂ ಕಡೆ ಜಾಲರಿ

"ಮೊಲಕ್ಕೆ ಕನ್ನಡಿ ಯಾಕೆ? ಪೌಡರ್ ಹಚ್ಕೊಳ್ಳುತ್ತಾ ಅದು?"

ಅಬ್ಬ ರಶೀದಾಳನ್ನು ಕೇಳಿದರು. ಮೂಡಿಗೆರೆ ಸಂತೆಯ ಬಳೆ ಅಂಗಡಿಯ ಮುಂದೆ ಅವಳು ಆಗಲೇ ಒಂದು ಪುಟ್ಟ ಕನ್ನಡಿ, ಗೆಜ್ಜೆ, ಕೆಂಪು ರಿಬ್ಬನ್ ಆರಿಸಿಟ್ಟಿದ್ದಳು.

"ಅದಕ್ಕೆ ಬೇಜಾರಾಗ್ಬಾರ್ದಲ್ಲ ಅಬ್ಬಾ."

"ಮೊಲಕ್ಕೆ ಬೇಕಿರೋದು ಒಣಹುಲ್ಲು, ಮಗುಚದೆ ಇರೋ ಬಟ್ಟಲು, ಬೆಕ್ಕಿಗೆ ತೆಗೆಯೋಕಾಗದ ಚಿಲಕ. ಅಷ್ಟೇ."

ಅಬ್ಬ ಖಾದರ್ ಲಾರಿ ಮೆಕ್ಯಾನಿಕ್. ಗಾಡಿ ಓಡೋಕೆ ಯಾವುದು ಬೇಕು, ಯಾವುದು ಬರೀ ಅಲಂಕಾರ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಮಗಳು ಮುಖ ಸಣ್ಣ ಮಾಡಿದರೆ ಆ ಜಾಣತನವೆಲ್ಲ ಎಲ್ಲಿಗೋ ಹೋಗಿಬಿಡುತ್ತಿತ್ತು. ಮೂರನ್ನೂ ಕೊಡಿಸಿದರು.

ಗ್ಯಾರೇಜಿನಲ್ಲಿ ಗೂಡು ತಯಾರಾಯಿತು. ಲಾರಿ ಚಕ್ರದ ನಡುವಿನ ಭಾರವಾದ ಕಬ್ಬಿಣದ ಮುಚ್ಚಳವನ್ನು ಉಜ್ಜಿ ತೊಳೆದು ನೀರಿನ ಬಟ್ಟಲು ಮಾಡಿದರು. ಮೂರು ಕಡೆ ಹಲಗೆ ಹೊಡೆಯಲು ಹೊರಟಾಗ ಮಾತ್ರ ರಶೀದಾ ಅಡ್ಡ ಬಂದಳು.

"ನಾಲ್ಕೂ ಕಡೆ ಜಾಲರಿನೇ ಹಾಕಿ ಅಬ್ಬಾ. ಎಲ್ಲಿ ನಿಂತ್ರೂ ನಂಗೆ ಅದು ಕಾಣ್ಬೇಕು."

ಕಾಣಬೇಕು ಎಂಬ ಆಸೆ ಇಂದು ನಿನ್ನೆಯದಲ್ಲ. ಎಸ್ಟೇಟಿನ ಮೇಸ್ತ್ರಿ ಬೆಳ್ಳಿಯಪ್ಪನ ಮನೆಯಲ್ಲಿ ಮೊಲಗಳನ್ನು ನೋಡಿ ಬಂದಂದಿನಿಂದ ರಶೀದಾ ತಲೆದಿಂಬನ್ನೇ ತೊಡೆಯ ಮೇಲಿಟ್ಟು ಸವರುತ್ತಿದ್ದಳು. ಅಮ್ಮಿ ಬೈದರೂ ಬಿಟ್ಟಿರಲಿಲ್ಲ.

ಕೊನೆಗೂ ಬೆಳ್ಳಿಯಪ್ಪ ಒಂದು ಬಿಳಿ ಮರಿ ತಂದುಕೊಟ್ಟ. "ಹುಷಾರು ಮಾರಾಯ್ತಿ. ಮೇವು ಮುಟ್ಲಿಲ್ಲ ಅಂದ್ರೆ ವಾಪಸ್ ತಂದ್ಬಿಡು. ತಾಯಿ ಹತ್ರ ಆದ್ರೂ ಬದುಕ್ಕೊಳ್ಳುತ್ತೆ."

ರಶೀದಾ ಅದಕ್ಕೆ ಬತ್ತಾಸು ಎಂದು ಹೆಸರಿಟ್ಟಳು. ಗೂಡನ್ನು ರಸ್ತೆಗೆ ಕಾಣುವಂತೆ ಜಗಲಿಯಲ್ಲೇ ಇಟ್ಟಳು.

ಆ ವಾರ ಮನೆಗೆ ಬಂದವರು ಒಬ್ಬಿಬ್ಬರಲ್ಲ. ಅಣ್ಣ ತಯ್ಯಬನಿಗೆ ಮದುವೆಯಾಗಿ, ಕಳಸದಿಂದ ಶಹರ್ ಬಾನು ಭಾಬಿ ಬಂದಿದ್ದಳು. ಹೊಸ ಸೊಸೆಯ ಮುಖ ನೋಡಲು ನೆಂಟರು, ಅಕ್ಕಪಕ್ಕದವರು ಬರುತ್ತಲೇ ಇದ್ದರು. ಭಾಬಿಯ ಸೆರಗು ಸರಿಸಿ ನೋಡುವುದು, ಕೈಗೆ ಏನಾದರೂ ಇಡುವುದು, ಹೋಗುವಾಗ ಜಗಲಿಯಲ್ಲಿ ಬಗ್ಗಿ ಮೊಲವನ್ನೂ ನೋಡುವುದು. ರಶೀದಾಳಿಗೆ ಹೆಮ್ಮೆಯೋ ಹೆಮ್ಮೆ.

ಆದರೆ ಬಂದು ಒಂದು ದಿನ ಕಳೆದರೂ ಬತ್ತಾಸು ಒಂದು ಎಲೆಯನ್ನೂ ಮುಟ್ಟಲಿಲ್ಲ. ಮೂಲೆಗೆ ಒತ್ತಿಕೊಂಡು ಕೂತೇ ಇತ್ತು. ಗೆಜ್ಜೆ ಅಲ್ಲಾಡಿಸಿದರೆ ಇನ್ನಷ್ಟು ಮುದುಡಿತು. ಕ್ಯಾರೆಟ್ ಮೂಗಿನ ಹತ್ತಿರ ಹಿಡಿದರೆ ಮುಖ ತಿರುಗಿಸಿತು.

"ನಾಳೆ ಬೆಳಿಗ್ಗೆ ವಾಪಸ್ ಬಿಟ್ಟು ಬರ್ತೀನಿ," ಅಂದರು ಅಬ್ಬ. "ಉಪವಾಸ ಬಿದ್ದು ಸಾಯೋದು ಬೇಡ ಮಗಳೇ."

ರಶೀದಾಳಿಗೆ ಅಳು ತಡೆಯಲಾಗಲಿಲ್ಲ. ಇಷ್ಟು ದಿನ ಕಾದದ್ದು ಇದಕ್ಕಾ? ಒಂದು ಸಲವೂ ಅದು ಅವಳ ಕೈಯಿಂದ ತಿಂದಿರಲಿಲ್ಲ.

ಕಣ್ಣು ಒರೆಸಿಕೊಂಡು ಒಳಗೆ ಬಂದಾಗ ಭಾಬಿಯ ಮುಂದೆ ಬಿರಿಯಾನಿ ತಟ್ಟೆ ಹಾಗೇ ಇತ್ತು. ಸುತ್ತ ಹೆಂಗಸರು ಕೂತು "ತಿನ್ನಮ್ಮ, ನಾಚ್ಕೋಬೇಡ" ಎನ್ನುತ್ತಿದ್ದರು. ಭಾಬಿ ತಲೆ ಎತ್ತಲಿಲ್ಲ. ಅಮ್ಮಿ ಎಲ್ಲರಿಗೂ ನಯವಾಗಿ "ಜಗಲೀಲಿ ಚಾ ಕುಡಿಯೋಣ ಬನ್ನಿ" ಎಂದು ಅವರನ್ನು ಎಬ್ಬಿಸಿ, ಬಾಗಿಲಿನ ಪರದೆ ಎಳೆದುಬಿಟ್ಟರು.

ಸ್ವಲ್ಪ ಹೊತ್ತಾದ ಮೇಲೆ ರಶೀದಾ ಮೆಲ್ಲಗೆ ಪರದೆ ಸರಿಸಿ ಒಳಗೆ ಹೋದಳು. ತಟ್ಟೆ ಖಾಲಿ.

"ಆಗ ಹಸಿವಿರ್ಲಿಲ್ವಾ ಭಾಬಿ?"

"ಹೊಟ್ಟೆ ಚುರುಗುಟ್ತಿತ್ತು," ಭಾಬಿ ಸಣ್ಣಗೆ ನಕ್ಕಳು. "ಎಲ್ರೂ ಬಾಯೇ ನೋಡ್ತಿದ್ರೆ ಗಂಟ್ಲಲ್ಲಿ ಇಳಿಯಲ್ಲ ರಶೀದಾ. ನಮ್ಮನೇಲಾದ್ರೆ ತಂಗಿ ತಟ್ಟೆಗೂ ಕೈ ಹಾಕ್ತಿದ್ದೆ." ಹೇಳುತ್ತಲೇ ಅವಳ ಕಣ್ಣು ತುಂಬಿತು.

ರಶೀದಾ ಅವಳಿಗೆ ಒತ್ತಿಕೊಂಡು ಕೂತಳು. ಆಮೇಲೆ ಏನೋ ಹೊಳೆದಂತಾಗಿ ಹೊರಗೆ ಓಡಿದಳು.

ಅಬ್ಬನ ಕೈಲಿ ಗೂಡನ್ನು ಹಿತ್ತಲಿನ ಸೌದೆ ಕೊಟ್ಟಿಗೆಗೆ ಸಾಗಿಸಿದಳು. ಬಾಯಿ ಒಡೆದ ಮಡಕೆಯೊಂದನ್ನು ಒಳಗೆ ಅಡ್ಡ ಮಲಗಿಸಿ, ಹುಲ್ಲು ತುಂಬಿದಳು. ಕಾಫಿ ಗೋಣಿಗಳನ್ನು ಮೂರು ಕಡೆ ಇಳಿಬಿಟ್ಟಳು. ನಾಲ್ಕನೆಯದು ತನಗೆ ಮೊಲ ಕಾಣಲೆಂದು ಬಿಟ್ಟ ಕಡೆ. ಅಲ್ಲಿ ಸ್ವಲ್ಪ ಹೊತ್ತು ನಿಂತು, ಅದಕ್ಕೂ ಗೋಣಿ ಹಾಕಿದಳು.

ಪಕ್ಕದ ಮನೆಯ ಮಕ್ಕಳು ಬಂದರು. "ಮೊಲ ತೋರ್ಸೇ."

"ಈಗ ಬೇಡ. ಅದು ಊಟ ಮಾಡ್ಲಿ."

ಅವರು ಹೋದ ಮೇಲೆ ಗೂಡಿಗೆ ಬೆನ್ನು ಹಾಕಿ ಸೌದೆಯ ಮೇಲೆ ಕೂತಳು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಹುಲ್ಲು ಸರಿದಾಡಿತು. ಆಮೇಲೆ ಕರ್, ಕರ್, ಕರ್.

ಒಂದೇ ಒಂದು ಸಲ ನೋಡಿಬಿಡಲೇ ಅನ್ನಿಸಿತು. ಅದು ಹೇಗೆ ತಿನ್ನುತ್ತದೆ, ಮೂಗು ಹೇಗೆ ಅಲ್ಲಾಡುತ್ತದೆ. ಗೋಣಿಯ ಅಂಚು ಕೈಗೆ ಸಿಗುವಷ್ಟೇ ದೂರದಲ್ಲಿತ್ತು.

ರಶೀದಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.