ಒಳಗೆ ಬಿಟ್ಟ ಬಟ್ಟೆ

ದರ್ಜಿಯ ಅಂಗಡಿಯ ಹೊಸ್ತಿಲಲ್ಲಿ ಅವಳ ಕಾಲು ತಡೆಯಿತು. ಸುಗ್ಗಿ ಕಳೆದ ಮೇಲೆ ಈ ಕಡೆ ಅವಳು ತಲೆ ಹಾಕಿರಲಿಲ್ಲ.

ಹೊಲಿಗೆ ಯಂತ್ರದ ಸದ್ದು ನಿಂತಿತು. ಅವನು ತಲೆಯೆತ್ತಿದ. ನೋಟ ಕೂಡಿದ್ದು ಒಂದೇ ಗಳಿಗೆ. ಅಷ್ಟಕ್ಕೇ ಅವಳ ಕಿವಿ ಬಿಸಿಯಾಯಿತು.

"ಬನ್ನಿ," ಎಂದ. ಹಿಂದೆಲ್ಲ 'ಬಾ' ಅನ್ನುತ್ತಿದ್ದವನು...

ಅವಳು ಕಂಕುಳಲ್ಲಿದ್ದ ನೀಲಿ ಅಂಗಿಯನ್ನು ಮೇಜಿನ ಮೇಲಿಟ್ಟಳು. "ಅಕ್ಕನದು. ನನ್ನ ಅಳತೆಗೆ ಹಿಡಿದು ಕೊಡಬೇಕಂತೆ. ನಾಳೆ ಹೊರಡೋದು."

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಹಿಟ್ಟಿನ ಗಿರಣಿ ಯಜಮಾನರ ಮಗಳು. ತಾಯಿಯಿಲ್ಲದ ಇವಳನ್ನು ಚಿಕ್ಕಂದಿನಲ್ಲೇ ಕೈಹಿಡಿದು ತಮ್ಮ ಮಹಡಿಗೆ ಕರೆದೊಯ್ದವಳು. ಓದು ಕಲಿಸಿದಳು, ಜ್ವರ ಬಂದಾಗ ಪಕ್ಕದಲ್ಲಿ ಕೂತಳು, 'ಗುಬ್ಬಿ' ಎಂದು ಕರೆದಳು. ಗುಬ್ಬಿ ಏನು ಉಡಬೇಕು, ಯಾರ ಜೊತೆ ನಗಬೇಕು ಎಂಬುದನ್ನೂ ಅವಳೇ ನಿಶ್ಚಯಿಸಿದಳು. ಈಗ ಮದುವೆಯಾಗಿ ದೂರದ ಪೇಟೆಗೆ ಹೊರಟಿದ್ದಾಳೆ. ಗುಬ್ಬಿಯೂ ಜೊತೆಗೆ. ಬರುತ್ತೀಯಾ ಎಂದು ಕೇಳಿದ್ದೇನೂ ಇಲ್ಲ. ತನ್ನ ಪೆಟ್ಟಿಗೆಯಲ್ಲಿ ಇವಳ ಬಟ್ಟೆಗೂ ಜಾಗ ಮಾಡಿದ್ದಳು, ಅಷ್ಟೇ.

ಸುಗ್ಗಿಯಲ್ಲಿ ದರ್ಜಿ ಇವಳನ್ನು ಮದುವೆಗೆ ಕೇಳಿದ್ದ.

"ಸೂಜಿ ಹಿಡಿಯೋನ ಮನೆಗಾ? ನಿನಗೆ ಇನ್ನೂ ಒಳ್ಳೆ ಮನೆ ಸಿಗುತ್ತೆ ಕಣೇ," ಎಂದಿದ್ದಳು ಅಕ್ಕ. ಗುಬ್ಬಿ ಅದನ್ನೇ ಗಿಣಿಪಾಠದಂತೆ ತಂದು ಅವನಿಗೆ ಒಪ್ಪಿಸಿದ್ದಳು. ಆಮೇಲೆ ಈ ಬೀದಿ ಬಿಟ್ಟು ಸುತ್ತುದಾರಿಯಲ್ಲೇ ಓಡಾಡಿದ್ದಳು.

ಅವನು ಟೇಪು ಮುಟ್ಟದೆ ಸೀಮೆಸುಣ್ಣದಿಂದ ಗೆರೆ ಎಳೆಯತೊಡಗಿದ.

"ಅಳತೆ ಬೇಡ್ವಾ?"

"ಗೊತ್ತಿದೆ."

ಏನಾದರೂ ಅನ್ನಬೇಕಲ್ಲ ಎಂದು ಅವಳೆಂದಳು: "ಒಳಗಡೆ ಅಷ್ಟು ಬಟ್ಟೆ ಬಿಡಬೇಡಿ, ಪಕ್ಕೆಗೆ ಒತ್ತುತ್ತೆ. ನಿಮಗೆ ಕತ್ತರಿ ಹಿಡಿಯೋಕೇ ಬರಲ್ಲ ಅಂತಾಳೆ ಅಕ್ಕ."

ಅವನು ಸಣ್ಣಗೆ ನಕ್ಕ. "ಹಸಿರು ಅಂಗಿ ಮರೆತಿರಾ?"

ಮರೆಯುವುದುಂಟೇ? ಅಕ್ಕ ಮೊದಲು ಕೊಟ್ಟ ಅಂಗಿ ಅದು. ಹೆಚ್ಚಿನ ಬಟ್ಟೆ ಕತ್ತರಿಸಿ ಚೊಕ್ಕವಾಗಿ ಹೊಲಿದಿದ್ದ. ಕೆಲವೇ ದಿನಗಳಲ್ಲಿ ಅಕ್ಕನಿಗೆ ಮತ್ತೆ ಅದರ ಮೇಲೆ ಮನಸ್ಸಾಗಿ ವಾಪಸು ಕೇಳಿದಳು. ಗುಬ್ಬಿ ಇದೇ ಮೇಜಿನ ಮುಂದೆ, ಕತ್ತರಿಸಿದ್ದನ್ನು ಕೂಡಿಸಿಕೊಡಿ ಎಂದು ಬಿಕ್ಕಿಬಿಕ್ಕಿ ಅತ್ತಿದ್ದಳು.

"ಅವತ್ತಿನಿಂದ ನಿಮ್ಮ ಬಟ್ಟೆಗೆ ಕತ್ತರಿ ಹಾಕಿಲ್ಲ. ಒಳಗೇ ಮಡಿಸ್ತೀನಿ. ಅವರು ಕೇಳಿದರೆ ಹೊಲಿಗೆ ಬಿಚ್ಚಿದರಾಯ್ತು. ನೀವು ಇನ್ನೊಂದು ಸಲ ಹಾಗೆ ಅಳೋದು ಬೇಡ ಅಂತ..."

ಅವಳ ಕೈ ತಾನಾಗಿ ಪಕ್ಕೆಗೆ ಹೋಯಿತು. ತೊಟ್ಟಿದ್ದ ಅಂಗಿಯ ಮಡಿಕೆ ಅಲ್ಲಿ ಈಗಲೂ ಒತ್ತುತ್ತಿತ್ತು. ಇಷ್ಟು ದಿನ ಇದನ್ನೇ ಬೈದುಕೊಂಡೆನಲ್ಲಾ...

"ಗುಬ್ಬೀ, ಇನ್ನೂ ಆಗ್ಲಿಲ್ವಾ? ಗಾಡಿಯವನು ಪೆಟ್ಟಿಗೆ ಕಟ್ತೀನಿ ಅಂತಿದಾನೆ." ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ನಾನು ಬರಲ್ಲ."

ಅಕ್ಕ ಅವಳ ಮುಖ ನೋಡಿದಳು. ದರ್ಜಿಯ ಮುಖ ನೋಡಿದಳು. ಬೈಗುಳ ಬರುತ್ತದೆಂದು ಗುಬ್ಬಿ ಹಲ್ಲು ಕಚ್ಚಿ ನಿಂತಳು.

"ನೀನಿಲ್ದೆ ನಾನಲ್ಲಿ ಏನು ಮಾಡ್ಲಿ?" ಅಕ್ಕನ ದನಿ ಒಡೆಯಿತು. "ಆ ಮನೇಲಿ ನನಗೆ ಒಬ್ಬರೂ ಗೊತ್ತಿಲ್ಲ ಕಣೇ."

ಈ ಸಲ ಕೈಹಿಡಿದವಳು ಗುಬ್ಬಿ. "ಬಂದು ನೋಡ್ಕೊಂಡು ಹೋಗ್ತೀನಿ. ಈ ನೀಲಿ ಅಂಗೀಲೇ ಬರ್ತೀನಿ."

ಅಕ್ಕ ಕಣ್ಣೊರೆಸಿಕೊಂಡಳು. ಹೋಗುವಾಗ ದರ್ಜಿಯತ್ತ ತಿರುಗಿ, "ನೆಟ್ಟಗೆ ಹೊಲಿಯಪ್ಪಾ. ಅವಳಿಗೆ ಪಕ್ಕೆ ಒತ್ತುತ್ತಂತೆ," ಎಂದಳು.

ಅಂಗಡಿಯಲ್ಲಿ ಇಬ್ಬರೇ ಉಳಿದರು.

"ಕತ್ತರಿಸಿ," ಎಂದಳು ಗುಬ್ಬಿ.

"ಅವರು ಮತ್ತೆ ಕೇಳಿದರೆ?"

"ಕೊಡಲ್ಲ... ಅವತ್ತು ನಿಮಗೆ ಹೇಳಿದ್ದು ನನ್ನ ಮಾತಲ್ಲ."

"ನಿಮ್ಮ ಮಾತು ಯಾವುದು ಹಾಗಾದರೆ?"

"ಮೊದಲಿನ ಹಾಗೆ 'ಬಾ' ಅನ್ನಿ. ಆಮೇಲೆ ಹೂಂ ಅಂತೀನಿ."

ಅವನು ಕತ್ತರಿ ಎತ್ತಿಕೊಂಡ, ಮತ್ತೆ ಕೆಳಗಿಟ್ಟ.

"ಬಾ. ಈ ತುದಿ ಹಿಡ್ಕೋ. ಒಬ್ಬನ ಕೈಲಿ ಆಗಲ್ಲ."

"ಹೂಂ," ಎಂದು ಅವಳು ತುದಿ ಹಿಡಿದಳು.